ಏರ್‌ಟೆಲ್ ಆಫ್ರಿಕಾಕ್ಕೆ ಹೋಗಿದ್ದು ಸರಿನಾ? ಚಹಾದಂಗಡಿಯಲ್ಲಿ ಮುಗಿಯದ ಜಗಳ

ನಾವಿಬ್ಬರೂ ಹಳೇ ಗೆಳೆಯರು. ಒಬ್ಬನದು ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಮೊಬೈಲ್ ಅಂಗಡಿ. ಇನ್ನೊಬ್ಬನದು ಯಾದಗಿರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಮೇಷ್ಟ್ರ ಕೆಲಸ. ತಿಂಗಳಿಗೊಮ್ಮೆ ಸಿಗುತ್ತೇವೆ. ಚಹಾದ ಜೊತೆ ಜಗಳ ಇದ್ದೇ ಇರುತ್ತದೆ.

ಈ ಸಲದ ಜಗಳ 2010ನೇ ಇಸವಿಯದು. ಆ ಒಂದೇ ವರ್ಷದಲ್ಲಿ ಏರ್‌ಟೆಲ್ ಬಾಂಗ್ಲಾದೇಶದ ವಾರಿದ್ ಕಂಪನಿಯಲ್ಲಿ ದೊಡ್ಡ ಪಾಲು ಹಿಡಿಯಿತು. ಆಫ್ರಿಕಾದ 15 ದೇಶಗಳ ಮೊಬೈಲ್ ವ್ಯವಹಾರ ಕೊಂಡಿತು. ಸೇಶೆಲ್ಸ್ ಎಂಬ ಪುಟ್ಟ ದ್ವೀಪ ದೇಶಕ್ಕೂ ಕಾಲಿಟ್ಟಿತು. ಇತ್ತ ದೇಶದಲ್ಲಿ 3ಜಿ ಹರಾಜಿಗೆ ಕೂತಿತು. ನವೆಂಬರ್‌ನಲ್ಲಿ ಲೋಗೋ ಕೂಡ ಬದಲಾಯಿಸಿತು. ಅಷ್ಟು ದೂರ ಹೋಗುವ ಅಗತ್ಯ ಇತ್ತಾ? ಮಾತಲ್ಲಿ ಬಗೆಹರಿಯಲಿಲ್ಲ, ಬರೆದೇ ನೋಡೋಣ ಅಂತಾಯಿತು. ಮೊದಲು ಅಂಗಡಿಯವನದು. ಅದನ್ನು ಓದಿದ ಮೇಲೆ ಮೇಷ್ಟ್ರದು.

ಪರ: ಅಂಗಡಿಯವನ ಮಾತು

ನಾನು ಸಿಮ್ ಮಾರಲು ಶುರು ಮಾಡಿದಾಗ ಈ ಊರಿನ ಹೆಸರು ಇನ್ನೂ ಗುಲ್ಬರ್ಗಾ. ಆಗ ಸ್ಪೈಸ್ ಇತ್ತು, ಹಚ್ ಇತ್ತು. ಈಗ ಆ ಹೆಸರು ಹೇಳಿದರೆ ನನ್ನ ಅಂಗಡಿಯ ಹುಡುಗ ಬಿಸ್ಕತ್ತಾ ಅಂತ ಕೇಳುತ್ತಾನೆ. ನಾಣ್ಯದಿಂದ ಗೀರುವ ಕಾರ್ಡ್‌ನಿಂದ ಹಿಡಿದು ಯುಪಿಐ ತನಕ ಎಲ್ಲವನ್ನೂ ಇದೇ ಕೌಂಟರ್ ಮೇಲೆ ಕಂಡಿದ್ದೇನೆ. ಹಾಗಾಗಿ ಕಂಪನಿ ಎಲ್ಲಿಗೆ ಹೋಯಿತು ಅಂತ ಕೇಳುವ ಮೊದಲು ಯಾಕೆ ಹೋಯಿತು ಅಂತ ಕೇಳುತ್ತೇನೆ.

2009 ನೆನಪಿದೆಯಾ? ಜೂನ್‌ನಲ್ಲಿ ಟಾಟಾ ಡೊಕೊಮೊ ಬಂತು. ಸೆಕೆಂಡಿಗೆ 1 ಪೈಸೆ. ಅಲ್ಲಿವರೆಗೆ ನಿಮಿಷದ ಲೆಕ್ಕ. "ಹಲೋ, ಬಂದೆ" ಅಂದು ಇಟ್ಟರೂ ಪೂರ್ತಿ ನಿಮಿಷದ ದುಡ್ಡು ಹೋಗುತ್ತಿತ್ತು. ಜನ ಹೊಸ ಸಿಮ್‌ಗೆ ಮುಗಿಬಿದ್ದರು. ಕೆಲವೇ ತಿಂಗಳಲ್ಲಿ ಉಳಿದ ಕಂಪನಿಗಳೂ ಪೈಸೆ ಲೆಕ್ಕಕ್ಕೆ ಇಳಿದವು. ಗಿರಾಕಿಗೆ ಹಬ್ಬ. ನನಗೂ ಹಬ್ಬ, ಯಾಕಂದರೆ ಒಬ್ಬೊಬ್ಬರ ಜೇಬಲ್ಲಿ ಮೂರು ಸಿಮ್. ಆದರೆ ಕಂಪನಿಗೆ? ಒಂದೇ ಬಾವಿಗೆ ಹತ್ತು ಹಗ್ಗ ಬಿದ್ದ ಹಾಗೆ. ಕೊಡ ಅರ್ಧವೂ ತುಂಬದಿದ್ದಾಗ ಬೇರೆ ಬಾವಿ ಹುಡುಕುವುದು ತಪ್ಪಾ?

ಏರ್‌ಟೆಲ್ ಅದಕ್ಕೂ ಮೊದಲೇ ಹುಡುಕುತ್ತಿತ್ತು. ದಕ್ಷಿಣ ಆಫ್ರಿಕಾದ ಎಂಟಿಎನ್ ಜೊತೆ 2008ರಲ್ಲಿ ಮಾತುಕತೆ ನಡೆದು ಮುರಿಯಿತು. 2009ರಲ್ಲಿ ಮತ್ತೆ ಕೂತರು, ಮತ್ತೆ ಮುರಿಯಿತು. ಒಂದೇ ಮನೆಗೆ ಎರಡು ಸಲ ಹೋಗಿ ಸಂಬಂಧ ಕೂಡಲಿಲ್ಲ ಅಂದರೆ ಬೇರೆ ಊರಿನ ಹೆಣ್ಣು ನೋಡುತ್ತಾರೆ. ಇವರೂ ನೋಡಿದರು. ಕುವೈತ್‌ನ ಝೈನ್ ಕಂಪನಿ ತನ್ನ ಆಫ್ರಿಕಾ ವ್ಯವಹಾರ ಮಾರಲು ಕೂತಿತ್ತು. 2010ರ ಮಾರ್ಚ್ 30ಕ್ಕೆ ಸಹಿ ಬಿತ್ತು. ಜೂನ್ 8ಕ್ಕೆ ವ್ಯವಹಾರ ಕೈಗೆ ಬಂತು. ಬೆಲೆ 1,070 ಕೋಟಿ ಡಾಲರ್. ಆಗ ಡಾಲರ್‌ಗೆ 45 ರೂಪಾಯಿ ಆಸುಪಾಸು, ಅಂದರೆ 48 ಸಾವಿರ ಕೋಟಿ ರೂಪಾಯಿಯ ಲೆಕ್ಕ. ನೈಜೀರಿಯಾ, ಕೀನ್ಯಾ, ಉಗಾಂಡಾ, ತಾಂಜಾನಿಯಾ, ಜಾಂಬಿಯಾ, ಮಲಾವಿ, ಹೀಗೆ 15 ದೇಶ. 4 ಕೋಟಿಗೂ ಜಾಸ್ತಿ ಗ್ರಾಹಕರು. ಲೂಧಿಯಾನದಲ್ಲಿ ಸೈಕಲ್ ಬಿಡಿಭಾಗ ಮಾಡುತ್ತಿದ್ದ, ಆಮೇಲೆ ಏರ್‌ಟೆಲ್ ಕಟ್ಟಿದ ಸುನಿಲ್ ಮಿತ್ತಲ್ ಇಷ್ಟು ದೂರ ಬಂದರಲ್ಲ ಅಂತ ನನಗೆ ಆಗ ಖುಷಿಯೇ ಆಗಿತ್ತು. ಅದರಿಂದ ನನಗೆ ಐದು ಪೈಸೆ ಸಿಕ್ಕಿಲ್ಲ ಬಿಡಿ.

ಮೊದಲ ವರ್ಷಗಳು ಕಷ್ಟದವು. ಅದನ್ನು ಮುಚ್ಚಿಡುವುದಿಲ್ಲ. ಇಲ್ಲಿ ಗೆದ್ದ ದಾರಿ ಅವರಿಗೆ ಗೊತ್ತಿತ್ತು: ದರ ಇಳಿಸು, ಜನ ಜಾಸ್ತಿ ಮಾತಾಡಲಿ, ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಬೇರೆ ಕಂಪನಿಗೆ, ಕಂಪ್ಯೂಟರ್ ಕೆಲಸ ಐಬಿಎಂಗೆ. ಅದನ್ನೇ ಕಟ್ಟಿಕೊಂಡು ಕೀನ್ಯಾದ ನೈರೋಬಿಗೆ ಹೋದರು. ಅಲ್ಲಿ ದರ ಇಳಿಸಿದರೂ ಮಾತು ಅಂದುಕೊಂಡಷ್ಟು ಏರಲಿಲ್ಲ. ಕರೆಂಟ್ ಇಲ್ಲದ ಕಡೆ ಟವರ್‌ಗೆ ಡೀಸೆಲ್ ಸುರಿಯಬೇಕು. ದೇಶಕ್ಕೊಂದು ಲೈಸೆನ್ಸ್, ದೇಶಕ್ಕೊಂದು ತೆರಿಗೆ. ಎಲ್ಲ ನಿಜ. ಆದರೆ ತೊಗರಿ ಬಿತ್ತಿದ ಮಾರನೇ ದಿನ ಯಾರಾದರೂ ಕಾಳು ಎಣಿಸುತ್ತಾರಾ? ತೊಗರಿಗೇ ಆರು ತಿಂಗಳು ಬೇಕು.

ಕಾಳು ಕಂಡದ್ದು 2016ರ ನಂತರ. ನನ್ನ ವಾದದ ಗಟ್ಟಿ ಭಾಗ ಇದೇ.

ಆ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಮಾತು ಪುಕ್ಕಟೆ, ಮೊದಲ ತಿಂಗಳುಗಳಲ್ಲಿ ಡೇಟಾ ಕೂಡ ಪುಕ್ಕಟೆ. ಆಧಾರ್ ಕೈಯಲ್ಲಿ ಹಿಡಿದು ಜನ ಸಾಲು ನಿಂತದ್ದು ಕಣ್ಣಿಗೆ ಕಟ್ಟಿದಂತಿದೆ. ಆಮೇಲೆ ಒಂದೊಂದೇ ಬೋರ್ಡ್ ಇಳಿಸಿದೆ. ರಿಲಯನ್ಸ್ ಕಮ್ಯುನಿಕೇಶನ್ಸ್ ಅಂಗಡಿ ಮುಚ್ಚಿತು. ಏರ್‌ಸೆಲ್ ದಿವಾಳಿ ಎದ್ದಿತು. ಟಾಟಾ ತನ್ನ ಮೊಬೈಲ್ ವ್ಯವಹಾರವನ್ನು ಏರ್‌ಟೆಲ್‌ಗೆ ಬಿಟ್ಟುಕೊಟ್ಟಿತು. 2018ರಲ್ಲಿ ವೊಡಾಫೋನ್ ಮತ್ತು ಐಡಿಯಾ ಒಂದಾದವು. ಅಷ್ಟು ದೊಡ್ಡ ಮನೆಗಳೇ ಬಿದ್ದಾಗ ಏರ್‌ಟೆಲ್ ಹೇಗೆ ನಿಂತಿತು? ದೇಶದ ಮೊಬೈಲ್ ವ್ಯವಹಾರ ಕೈ ಸುಡುತ್ತಿದ್ದಾಗ ಲಾಭ ತಂದುಕೊಟ್ಟದ್ದು ಆಫ್ರಿಕಾ. 2018ರ ಅಕ್ಟೋಬರ್‌ನಲ್ಲಿ ಆಫ್ರಿಕಾ ಕಂಪನಿಯ ಪಾಲು ಕೊಟ್ಟು 125 ಕೋಟಿ ಡಾಲರ್ ಎತ್ತಿದರು. 2019ರ ಜೂನ್‌ನಲ್ಲಿ ಅದನ್ನು ಲಂಡನ್ ಷೇರುಪೇಟೆಗೆ ಒಯ್ದರು. ಅದೇ ವರ್ಷ ಅಕ್ಟೋಬರ್ 24ಕ್ಕೆ ಎಜಿಆರ್ ಬಾಕಿ, ಅಂದರೆ ಆದಾಯದಲ್ಲಿ ಕಂಪನಿಗಳು ಸರ್ಕಾರಕ್ಕೆ ಕೊಡಬೇಕಾದ ಪಾಲಿನ ಬಾಕಿಯ ಮೇಲೆ ಸುಪ್ರೀಂ ಕೋರ್ಟ್ ತೀರ್ಪು ಕಂಪನಿಗಳ ವಿರುದ್ಧ ಬಂತು. ಏರ್‌ಟೆಲ್ ಒಂದೇ ತ್ರೈಮಾಸಿಕದಲ್ಲಿ 23,045 ಕೋಟಿ ರೂಪಾಯಿ ನಷ್ಟ ತೋರಿಸಿತು. ಆ ಹೊಡೆತಕ್ಕೆ ಇನ್ನೊಬ್ಬನಾಗಿದ್ದರೆ ಮಲಗಿಬಿಡುತ್ತಿದ್ದ.

ಏರ್‌ಟೆಲ್ ಮಲಗಿದ್ದರೆ ನಮಗೇನು ಅಂತೀರಾ? ಒಂದೇ ಕಿರಾಣಿ ಅಂಗಡಿ ಇರುವ ಊರಲ್ಲಿ ಸಕ್ಕರೆ ಬೆಲೆ ಯಾರು ಹೇಳುತ್ತಾರೆ? ಅಷ್ಟೇ. ಇವತ್ತು ಗಿರಾಕಿ ಬಂದು "ಇದು ಬ್ಯಾಡ, ಅದಕ್ಕ ಪೋರ್ಟ್ ಮಾಡು" ಅಂತ ಧಿಮಾಕಿನಿಂದ ಹೇಳುತ್ತಾನಲ್ಲ, ಆ ಧಿಮಾಕು ಉಳಿದಿರುವುದು ಎದುರಿಗೆ ಇನ್ನೊಂದು ಗಟ್ಟಿ ಕಂಪನಿ ಇರುವುದಕ್ಕೆ.

ನಮ್ಮ ಕಡೆಯ ಜನ ದುಡಿಯಲು ಮುಂಬೈ, ಪುಣೆ, ಬೆಂಗಳೂರಿಗೆ ಹೋಗುತ್ತಾರೆ. ದುಡಿದ ದುಡ್ಡು ಊರಿಗೆ ಬರುತ್ತದೆ. ಊರು ಬಿಟ್ಟದ್ದಕ್ಕೆ ಅವರನ್ನು ಬೈಯುತ್ತೀವಾ? ಕಂಪನಿ ದುಡಿಯಲು ನೈಜೀರಿಯಾದ ಲಾಗೋಸ್‌ಗೆ ಹೋದರೆ ಮಾತ್ರ ಯಾಕೆ ಹುಬ್ಬು ಏರಬೇಕು?

ಇನ್ನು ಆಫ್ರಿಕಾ ನಮಗೆ ಹೊಸದೂ ಅಲ್ಲ. ಬೀದರ್‌ಗೆ ಹೋದರೆ ಹಬ್ಶಿ ಕೋಟ್ ನೋಡಿ. ಬಹಮನಿ ಕಾಲಕ್ಕೆ ಆಫ್ರಿಕಾದ ಅಬಿಸೀನಿಯಾದಿಂದ (ಇಂದಿನ ಇಥಿಯೋಪಿಯಾ) ಬಂದ ಸರದಾರರು ಅಲ್ಲಿ ಮಲಗಿದ್ದಾರೆ. 1472ರಲ್ಲಿ ಮದರಸಾ ಕಟ್ಟಿಸಿದ ಮಹಮೂದ್ ಗವಾನ್ ಪರ್ಷಿಯಾದಿಂದ ಬಂದದ್ದು ವ್ಯಾಪಾರಿಯಾಗಿಯೇ. ಹೊರಗಿನವರು ಬಂದು ಬೆಳೆದ ಊರುಗಳು ನಮ್ಮವು. ಈಗ ನೋಡಿ, ತೊಗರಿ ಕೂಡ ಅಲ್ಲಿಂದ ಬರುತ್ತಿದೆ. 2016ರಲ್ಲಿ ಮೊಜಾಂಬಿಕ್ ಜೊತೆ ನಮ್ಮ ಸರ್ಕಾರ ತೊಗರಿ ಒಪ್ಪಂದ ಮಾಡಿಕೊಂಡಿತು. ಮಲಾವಿ, ತಾಂಜಾನಿಯಾದಿಂದಲೂ ತರಿಸುತ್ತೇವೆ. ಅವರ ಕಾಳು ಇಲ್ಲಿಗೆ ಬರಬಹುದಾದರೆ ನಮ್ಮ ಸಿಮ್ ಅಲ್ಲಿಗೆ ಹೋಗಬಾರದಾ?

ಒಂದು ಮಾತು ಬಿಟ್ಟೆ. ಅಲ್ಲಿ ಏರ್‌ಟೆಲ್ ಮನಿ ಅಂತ ಇದೆ. ಫೋನೇ ಖಾತೆ. ಬ್ಯಾಂಕ್ ಇಲ್ಲದ ಹಳ್ಳಿಯಲ್ಲಿ ನನ್ನಂಥ ಪುಟ್ಟ ಅಂಗಡಿಯವನೇ ದುಡ್ಡು ಕಟ್ಟಿಸಿಕೊಂಡು, ದುಡ್ಡು ಕೊಡುತ್ತಾನೆ. ಇಲ್ಲಿ ಯುಪಿಐ ಬಂದು ನನ್ನನ್ನು ಸುಮ್ನೆ ಕ್ಯೂಆರ್ ಬೋರ್ಡ್‌ನ ಕಾವಲುಗಾರ ಮಾಡಿತು. ಅಲ್ಲಿನವನಿಗೆ ಕಮಿಷನ್ ಇದೆ. ಸ್ವಲ್ಪ ಹೊಟ್ಟೆಕಿಚ್ಚು, ಇರಲಿ.

ವಿರೋಧ: ಮೇಷ್ಟ್ರ ಮಾತು

ಗೆಳೆಯ ತೊಗರಿಯನ್ನು ಎಳೆದು ತಂದದ್ದು ಒಳ್ಳೆಯದಾಯಿತು. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

2016-17ರಲ್ಲಿ ನಮ್ಮ ಕಡೆ ತೊಗರಿ ಚೆನ್ನಾಗಿ ಬಂತು. ಬೆಂಬಲ ಬೆಲೆ ಕ್ವಿಂಟಲ್‌ಗೆ 5,050 ರೂಪಾಯಿ. ಆದರೆ ಮಾರುಕಟ್ಟೆಯಲ್ಲಿ ಬೆಲೆ ಅದಕ್ಕಿಂತ ಕೆಳಗೆ ಬಿತ್ತು. ಖರೀದಿ ಕೇಂದ್ರದ ಮುಂದೆ ಚೀಲ ಇಟ್ಟುಕೊಂಡು ರೈತರು ದಿನಗಟ್ಟಲೆ ಕಾದರು. ಹೊರಗಿನಿಂದ ತೊಗರಿ ತರಿಸುವ ಒಪ್ಪಂದ ಆದ ಮರು ಸುಗ್ಗಿಯ ಕತೆ ಇದು. ನಮ್ಮ ಕಾಳಿಗೆ 2019ರಲ್ಲಿ ಜಿಐ, ಅಂದರೆ ಇದು ಈ ಸೀಮೆಯದೇ ಅನ್ನುವ ಗುರುತು ಸಿಕ್ಕಿತು. ಸಂತೋಷ. ಗುರುತು ಸಿಕ್ಕಿತು, ಬೆಲೆ ಸಿಗಲಿಲ್ಲ. ಅಂದರೆ ಗೆಳೆಯ ಹೇಳುವ ಈ ಹೋಗುವ ಬರುವ ದಾರಿಯಲ್ಲಿ ಕಾಳು ಬಂದಾಗ ನಮ್ಮ ರೈತನ ಜೇಬು ಹಗುರಾಯಿತು. ಬಂಡವಾಳ ಹೋದಾಗ ಅವನ ಫೋನ್‌ಗೆ ಒಂದು ಗೆರೆ ಸಿಗ್ನಲ್ ಹೆಚ್ಚು ಬಂತಾ? ಎರಡು ಕಡೆಯೂ ಟೋಲ್ ಕಟ್ಟಿದವನು ಅವನೇ.

ನನ್ನ ಶಾಲೆ ಇರುವ ಊರಿಗೆ ಬನ್ನಿ. ಭೀಮಾ ನದಿ ದೂರವಿಲ್ಲ. ಶಾಲೆಯ ಆವರಣದಲ್ಲಿ ನನ್ನ ಫೋನ್ ಸತ್ತಂತೆ. ಯಾವ ಕಂಪನಿ ಅಂತ ಹೇಳುವುದಿಲ್ಲ, ಇಲ್ಲಿ ಅದು ಮುಖ್ಯವೂ ಅಲ್ಲ. ಕೊರೊನಾ ಕಾಲದಲ್ಲಿ ಆನ್‌ಲೈನ್ ಪಾಠ ಅಂತ ಆದೇಶ ಬಂತು. ಏಳನೇ ತರಗತಿಯ ಮಕ್ಕಳು ನೀರಿನ ಟ್ಯಾಂಕ್‌ನ ಮೆಟ್ಟಿಲ ಮೇಲೆ ಕೂತರು. ಒಂದು ಫೋನ್, ನಾಲ್ಕು ತಲೆ. ವಿಡಿಯೋ ಸುತ್ತುತ್ತಲೇ ಇತ್ತು. ಆಮೇಲೆ ನರೇಗಾ ಕೂಲಿಗೆ ದಿನಕ್ಕೆ ಎರಡು ಸಲ ಫೋಟೋ ಹಾಜರಿ ಬಂತು. 2023ರ ಜನವರಿಯಿಂದ ಎಲ್ಲ ಕಡೆ ಕಡ್ಡಾಯವಾಯಿತು. ಕೂಲಿಯವರ ಹಾಜರಿ ನೋಡಿಕೊಳ್ಳುವ ನಮ್ಮ ಕಾಯಕ ಬಂಧು ಹೆಣ್ಣುಮಗಳು ಬಿಸಿಲಲ್ಲಿ ಫೋಟೋ ತೆಗೆದು, ಅದನ್ನು ಕಳಿಸಲು ಕೆರೆ ಏರಿ ಹತ್ತುತ್ತಾಳೆ. ಯಾದಗಿರಿಯ ಮೇ ತಿಂಗಳ ಬಿಸಿಲು ಗೊತ್ತಲ್ವಾ? ಆ ಏರಿಯ ಮೇಲೆ ನಿಂತು ಲಾಗೋಸ್, ಲಂಡನ್ ಸುದ್ದಿ ಓದಿದರೆ ಹೇಗಿರುತ್ತದೆ ಯೋಚಿಸಿ.

ಈಗ ಲೆಕ್ಕಕ್ಕೆ ಬರೋಣ. ಗೆಳೆಯ ಬೆಲೆ ಹೇಳಿದ, ಸಾಲ ಹೇಳಲಿಲ್ಲ. ಆ ಖರೀದಿಗೆ ಏರ್‌ಟೆಲ್ ಮಾಡಿದ ಸಾಲವೇ 830 ಕೋಟಿ ಡಾಲರ್. ಅದೇ ವರ್ಷ 3ಜಿ ಹರಾಜಿನಲ್ಲಿ ಕರ್ನಾಟಕವೂ ಸೇರಿ 13 ಸರ್ಕಲ್‌ಗೆ (ಟೆಲಿಕಾಂ ವಲಯಗಳಿಗೆ) 12 ಸಾವಿರ ಕೋಟಿ ರೂಪಾಯಿಗೂ ಜಾಸ್ತಿ ಸುರಿಯಿತು. ಒಂದೇ ವರ್ಷ ಮನೆಯಲ್ಲಿ ಎರಡು ಮದುವೆ ಮಾಡಿದ ಹಾಗೆ. ಖರೀದಿಗೆ ಮುಂಚಿನ ವರ್ಷ ಕಂಪನಿಯ ಲಾಭ 9 ಸಾವಿರ ಕೋಟಿ ರೂಪಾಯಿ ಆಸುಪಾಸು ಇತ್ತು. 2012-13ಕ್ಕೆ ಅದು 2,276 ಕೋಟಿಗೆ ಇಳಿಯಿತು. ಇಳಿಯಲು ಇಲ್ಲಿನ ದರ ಸಮರವೂ ಕಾರಣ, ಒಪ್ಪುತ್ತೇನೆ. ಆದರೆ ಬಡ್ಡಿ ಕಟ್ಟುವವನ ಕೈ ಎಲ್ಲಿ ಮೊದಲು ಬಿಗಿಯಾಗುತ್ತದೆ? ಲಾಭ ಕಡಿಮೆ ಇರುವ ಕಡೆ. ಅಂದರೆ ನಮ್ಮಂಥ ಕಡೆ.

ಬೆಲೆಯೂ ಜಾಸ್ತಿಯೇ ಆಯಿತು. ಈ ವ್ಯವಹಾರದ ಬೇರು ಸುಡಾನ್ ಮೂಲದ ಮೊ ಇಬ್ರಾಹಿಂ ಕಟ್ಟಿದ ಸೆಲ್‌ಟೆಲ್. 2005ರಲ್ಲಿ ಕುವೈತ್‌ನವರು ಅದನ್ನು ಕೊಂಡದ್ದು 340 ಕೋಟಿ ಡಾಲರ್‌ಗೆ. ಐದು ವರ್ಷದಲ್ಲಿ 1,070 ಕೋಟಿ. ನಡುವೆ ನೈಜೀರಿಯಾದಂಥ ದೊಡ್ಡ ಮಾರುಕಟ್ಟೆ ಸೇರಿತ್ತು ನಿಜ. ಆದರೂ ಜಾಣ ವ್ಯಾಪಾರಿ ಯಾರು ಅಂದರೆ ನಾನು ಕುವೈತ್ ಕಡೆ ಬೆರಳು ತೋರಿಸುತ್ತೇನೆ. ಎಮ್ಮೆ ಮಾರಿದವನು ನಗುತ್ತಾ ಮನೆಗೆ ಹೋದ. ಕೊಂಡವನು ಹಿಂಡಿ ಹಾಕುತ್ತಾ ಕೂತ.

ಕಂಪನಿ ಹಾಕಿಕೊಂಡ ಗುರಿ ನೋಡಿ. 2013ರ ಮಾರ್ಚ್ ಒಳಗೆ ಆಫ್ರಿಕಾದಲ್ಲಿ 10 ಕೋಟಿ ಗ್ರಾಹಕರು, 500 ಕೋಟಿ ಡಾಲರ್ ಆದಾಯ. ಗ್ರಾಹಕರು 10 ಕೋಟಿ ದಾಟುವ ಹೊತ್ತಿಗೆ 2019 ಬಂದಿತ್ತು. ಆದಾಯ 500 ಕೋಟಿ ದಾಟಿದ್ದು 2022-23ರಲ್ಲಿ. ಹತ್ತು ವರ್ಷ ತಡ. ನನ್ನ ಶಾಲೆಯಲ್ಲಿ ಒಬ್ಬ ಹುಡುಗ ಏಳನೇ ತರಗತಿ ಮುಗಿಸಲು ಅಷ್ಟು ವರ್ಷ ತೆಗೆದುಕೊಂಡರೆ ಬಿಇಒ ನನ್ನನ್ನು ಕರೆದು ಕೇಳುತ್ತಾರೆ.

2010ರಲ್ಲಿ ಗೆದ್ದ ನೆಲ ಎಲ್ಲ ಕೈಯಲ್ಲಿ ಉಳಿಯಿತಾ? ಬುರ್ಕಿನಾ ಫಾಸೊ, ಸಿಯೆರಾ ಲಿಯೋನ್ 2016ರಲ್ಲಿ ಆರೆಂಜ್ ಕಂಪನಿಗೆ ಹೋದವು. ಘಾನಾದ ವ್ಯವಹಾರವನ್ನು 2021ರಲ್ಲಿ ಅಲ್ಲಿನ ಸರ್ಕಾರಕ್ಕೇ ಬಿಟ್ಟು ಬಂದರು. ಬಾಂಗ್ಲಾದೇಶದ್ದು 2016ರಲ್ಲಿ ಅಲ್ಲಿನ ರೊಬಿ ಕಂಪನಿ ಜೊತೆ ಸೇರಿಹೋಯಿತು. 2009ರಲ್ಲೇ ಶುರುವಾಗಿದ್ದ ಶ್ರೀಲಂಕಾದ್ದು 2024ರಲ್ಲಿ ಅಲ್ಲಿನ ಡಯಲಾಗ್ ಕಂಪನಿಯ ಹೊಟ್ಟೆಗೆ ಸೇರಿತು. ಉಳಿದ ಕಡೆ ದುಡಿದದ್ದು ಡಾಲರ್ ಆಗುವಷ್ಟರಲ್ಲಿ ಕರಗುತ್ತದೆ. 2023ರ ಜೂನ್‌ನಲ್ಲಿ ನೈಜೀರಿಯಾ ತನ್ನ ದುಡ್ಡು ನೈರಾದ ಬೆಲೆಯ ಮೇಲಿನ ಹಿಡಿತ ಸಡಿಲಿಸಿತು. ಡಾಲರ್‌ಗೆ 460 ಆಸುಪಾಸು ಇದ್ದದ್ದು ಒಂದು ವರ್ಷದೊಳಗೆ ಸಾವಿರ ದಾಟಿತು. ಗ್ರಾಹಕರು 15 ಕೋಟಿ ದಾಟಿದ ಆ ವರ್ಷವೇ ಏರ್‌ಟೆಲ್ ಆಫ್ರಿಕಾ 8.9 ಕೋಟಿ ಡಾಲರ್ ನಷ್ಟ ತೋರಿಸಿತು. ಬೆಳೆ ಚೆನ್ನಾಗಿ ಬಂದು ಬೆಲೆ ಬೀಳುವುದು ತೊಗರಿಗೆ ಮಾತ್ರ ಅಲ್ಲ ನೋಡಿ.

ಈಗ ಗೆಳೆಯನ ಗಟ್ಟಿ ವಾದ, ಜಿಯೋ. ಇದಕ್ಕೆ ಉತ್ತರ ಹುಡುಕುತ್ತಾ ಎರಡು ರಾತ್ರಿ ಕೂತೆ. ಆಫ್ರಿಕಾ ಇಲ್ಲದಿದ್ದರೆ ಏರ್‌ಟೆಲ್ ಮುಳುಗುತ್ತಿತ್ತು ಅಂತಾನೆ. ನಾನು ಇನ್ನೊಂದು ದಿನಾಂಕ ಕೊಡುತ್ತೇನೆ. 2012ರ ಏಪ್ರಿಲ್. ದೇಶದ ಮೊದಲ 4ಜಿ ಕೋಲ್ಕತ್ತಾದಲ್ಲಿ ಶುರುವಾಯಿತು. ಶುರು ಮಾಡಿದ್ದು ಯಾರು? ಇದೇ ಏರ್‌ಟೆಲ್. ಮುಂದಿನ ತಿಂಗಳೇ ಬೆಂಗಳೂರಿಗೆ ಬಂತು. ಜಿಯೋ ಬರಲು ಇನ್ನೂ ನಾಲ್ಕು ವರ್ಷಕ್ಕೂ ಜಾಸ್ತಿ ಇತ್ತು. ಓಟದಲ್ಲಿ ಮುಂದಿದ್ದವರು ಅವರು. ಆ ನಾಲ್ಕು ವರ್ಷ ಏನು ನಡೆಯಿತು? ಆಫ್ರಿಕಾದ ಸಾಲದ ಚಿಂತೆ. ಅಲ್ಲಿನ ಸಾವಿರಾರು ಟವರ್ ಮಾರಿ ಸಾಲ ಇಳಿಸುವ ಕೆಲಸ. ಆಗ 4ಜಿ ಫೋನ್‌ಗಳು ವಿರಳ, ಬೆಲೆಯೂ ಜಾಸ್ತಿ, ಅದು ಸರಿ. ಆದರೂ ಆ ದುಡ್ಡು, ಅದಕ್ಕಿಂತ ಮುಖ್ಯವಾಗಿ ಆ ಗಮನ ಇಲ್ಲೇ ಇದ್ದಿದ್ದರೆ? ಕಂಪನಿಯ ಒಳ್ಳೊಳ್ಳೆ ತಲೆಗಳು ನೈರೋಬಿಗೆ ವಿಮಾನ ಹತ್ತಿದವು. ಕಲಬುರಗಿ, ಬೀದರ್, ಯಾದಗಿರಿಯಂಥ ಕಡೆ ಹಳ್ಳಿ ಹಳ್ಳಿಗೆ 4ಜಿ ಬೇರು ಬಿಟ್ಟಿದ್ದರೆ ಜಿಯೋಗೆ ಅಷ್ಟು ಸುಲಭದ ಖಾಲಿ ಹೊಲ ಸಿಗುತ್ತಿರಲಿಲ್ಲ. ಆಫ್ರಿಕಾ ಕಂಪನಿಯನ್ನು ಉಳಿಸಿತು ಅನ್ನುವವರು, ಕಂಪನಿಗೆ ಆ ಕಷ್ಟ ಬರಲು ಆಫ್ರಿಕಾದ ಪಾಲು ಎಷ್ಟು ಅಂತಲೂ ಹೇಳಬೇಕು.

ಗುಳೆಯ ಮಾತು ಮಾತ್ರ ನನಗೆ ಸಿಟ್ಟು ತರಿಸಿತು. ಗುಳೆ ಹೋದವನು ಹಬ್ಬಕ್ಕೆ ಬರುತ್ತಾನೆ. ತಂಗಿ ಮದುವೆ ಮಾಡುತ್ತಾನೆ. ತಗಡು ತೆಗೆದು ಛತ್ತು ಹಾಕಿಸುತ್ತಾನೆ. ಊರಲ್ಲಿ ಯಾರ ಮನೆ ಛತ್ತು ಯಾವ ಊರಿನ ದುಡ್ಡಲ್ಲಿ ಆಯಿತು ಅಂತ ನಾನು ಬೆರಳು ತೋರಿಸಿ ಹೇಳಬಲ್ಲೆ. ಲಾಗೋಸ್‌ನ ದುಡ್ಡಲ್ಲಿ ನಮ್ಮ ಊರಲ್ಲಿ ಆದದ್ದು ಏನು, ತೋರಿಸಲಿ ನೋಡೋಣ.

ಕಂಪನಿ ಧರ್ಮಛತ್ರ ಅಲ್ಲ, ಗೊತ್ತು. ಲಾಭವಿಲ್ಲದ ಕಡೆ ಟವರ್ ಹಾಕು ಅಂತ ಬಾಯಿಮಾತಿಗೆ ಹೇಳಿದರೆ ಯಾರೂ ಹಾಕುವುದಿಲ್ಲ. ಅದಕ್ಕೇ ಸರ್ಕಾರ ಟೆಲಿಕಾಂ ಆದಾಯದ ಮೇಲೆ ನೂರಕ್ಕೆ 5ರಷ್ಟು ತೆಗೆದು ಹಳ್ಳಿಗಳಿಗೆ ಅಂತ ಒಂದು ನಿಧಿ ಇಟ್ಟಿತು. ಈಗ ಅದರ ಹೆಸರು ಡಿಜಿಟಲ್ ಭಾರತ್ ನಿಧಿ. 2022ರ ಜುಲೈಯಲ್ಲಿ ಕೇಂದ್ರ ಸಂಪುಟ 24,680 ಹಳ್ಳಿಗಳಿಗೆ 4ಜಿ ಮುಟ್ಟಿಸಲು 26,316 ಕೋಟಿ ರೂಪಾಯಿಯ ಯೋಜನೆ ಒಪ್ಪಿತು. ಕೆಲಸ ಕೊಟ್ಟದ್ದು ಬಿಎಸ್‌ಎನ್‌ಎಲ್‌ಗೆ. ನೋಡಿ, ಹಂಚಿಕೆ ಹೇಗಾಯಿತು: ಬರಡು ಹೊಲ ಸರ್ಕಾರದ್ದು, ನೀರಾವರಿ ಕಂಪನಿದು, ಅದು ಸಾಲದಿದ್ದರೆ ಇನ್ನೊಂದು ಖಂಡ. ನಾನು ಆಫ್ರಿಕಾಕ್ಕೆ ಹೋಗಬೇಡಿ ಅನ್ನುತ್ತಿಲ್ಲ. ಇಲ್ಲಿ ಉಳುಮೆ ಅರ್ಧಕ್ಕೆ ನಿಲ್ಲಿಸಿ, ಎತ್ತು ಬಿಚ್ಚಿಕೊಂಡು ಹೋದರು ಅನ್ನುತ್ತಿದ್ದೇನೆ.

ಗೆಳೆಯನಿಗೆ ಕೊನೆಯದಾಗಿ ಒಂದು ಪ್ರಶ್ನೆ. ನಮ್ಮ ಕಡೆಯ ಜನ ಸಂತೆಗೆ ಬಂದಾಗ ನಿನ್ನ ಅಂಗಡಿಗೂ ಬರುತ್ತಾರೆ. ಹೊಸ ಸಿಮ್ ಬೇಕು ಅನ್ನುತ್ತಾರೆ. "ನಮ್ಮೂರಾಗ ಯಾವುದು ಹಿಡಿತದ ಅಣ್ಣಾ?" ಅಂತ ಕೇಳುತ್ತಾರೆ. ನಿನ್ನ ಹಿಂದೆ ಗೋಡೆ ತುಂಬ ಕಂಪನಿಗಳ ಬಣ್ಣದ ಬೋರ್ಡ್ ಇವೆ. ನೀನು ಒಂದು ಸಲವಾದರೂ ತಟ್ಟನೆ ಒಂದು ಕಂಪನಿ ಹೆಸರು ಹೇಳಿದ್ದು ನಾನು ಕೇಳಿಲ್ಲ. "ಮೊದ್ಲ ಊರ ಹೆಸರು ಹೇಳ್ರಿ" ಅಂತೀಯ.